ದೇವಿರಮ್ಮನವರು ಕಿವಿಗೊಟ್ಟ ನೆಲ

ಮೈಸೂರಿನ ಸಾರ್ವಜನಿಕ ಬದುಕಿನಲ್ಲಿ ಮಾತಿನಿಂದ ಹೆಸರಾದವರು ಬಹಳ ಮಂದಿ. ಕೇಳಿಸಿಕೊಳ್ಳುವ ಗುಣದಿಂದ ಹೆಸರಾದವರು ವಿರಳ. ಹದಿನೆಂಟು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿ, ಬಳಿಕ ಒಂದು ಅವಧಿ ನಗರಪಾಲಿಕೆ ಸದಸ್ಯೆಯಾಗಿ, ಎರಡು ಅವಧಿ ಶಾಸಕಿಯಾಗಿ ದುಡಿದು, ಈಗ ಅರವತ್ತೇಳನೆಯ ವಯಸ್ಸಿನಲ್ಲಿ ಚುನಾವಣೆಯ ಕಣದಿಂದ ತಾವಾಗಿಯೇ ಹಿಂದೆ ಸರಿದಿರುವ ಶ್ರೀಮತಿ ದೇವಿರಮ್ಮನವರು ಆ ವಿರಳರ ಪೈಕಿ ಒಬ್ಬರು.

ಕಡಕೊಳದ ಸಮೀಪದ ಒಕ್ಕಲು ಮನೆತನದಲ್ಲಿ ಹುಟ್ಟಿದ ದೇವಿರಮ್ಮನವರು ಮದುವೆಯಾಗಿ ಬಂದದ್ದು ನಗರದ ಅಂಚಿನ ಹಳ್ಳಿಗೆ. ಅಲ್ಲಿನ ಅಂಗನವಾಡಿ ಸೇರಿದ ಮೊದಲ ವರ್ಷವೇ, ಗಾಳಿ ಸೋಕಿದೆಯೆಂದು ಮನೆಯವರು ಒಳಕೋಣೆಯಲ್ಲಿ ಕೂಡಿಹಾಕಿದ್ದ ನಾಲ್ಕು ವರ್ಷದ ಹೆಣ್ಣುಮಗುವಿನ ಸುದ್ದಿ ಅವರ ಕಿವಿಗೆ ಬಿತ್ತು. ಜಗಳ ತೆಗೆಯಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. ಆರು ದಿನ ಆ ಮನೆಯ ಜಗಲಿಯ ಮೇಲೆ ಸುಮ್ಮನೆ ಕೂತು ಬಂದರು. ಏಳನೆಯ ದಿನ ಅಜ್ಜಿಯೇ ಬಾಗಿಲು ತೆರೆದಳು. ಮಗುವಿಗೆ ಯಾವ ಗಾಳಿಯೂ ಸೋಕಿರಲಿಲ್ಲ. ಕಿವಿ ಕೇಳುತ್ತಿರಲಿಲ್ಲ, ಅಷ್ಟೆ. ಕಿವುಡ ಮಕ್ಕಳ ಶಾಲೆ ಸೇರಿ ಓದಿದ ಆ ಮಾನಸ ಇಂದು ನಾಲ್ಕು ಜನರಿಗೆ ಕೆಲಸ ಕೊಟ್ಟು ಹೊಲಿಗೆ ಕೇಂದ್ರ ನಡೆಸುತ್ತಿದ್ದಾರೆ.

ನಗರಪಾಲಿಕೆಗೆ ಆರಿಸಿ ಬಂದ ಮೇಲೆ ದೇವಿರಮ್ಮನವರು ಜನರ ಅಹವಾಲುಗಳನ್ನು ಅವರವರ ಮಾತಿನಲ್ಲಿಯೇ ಬರೆದುಕೊಂಡು, ಸಭೆಯಲ್ಲಿಯೂ ಹಾಗೆಯೇ ಓದುತ್ತಿದ್ದರು. ‘ನಮ್ಮ ಬೀದಿ ದೀಪ ಯುಗಾದಿಯಿಂದ ಕಣ್ಣೇ ಬಿಟ್ಟಿಲ್ಲ’ ಎಂಬ ಅರ್ಜಿಗೆ ಸಭೆ ನಕ್ಕಿತು. ದೀಪ ಮಾತ್ರ ಅದೇ ವಾರ ಹತ್ತಿತು. ಇಂಥ ಪ್ರಸಂಗಗಳನ್ನು ಹೇಳುವವರು ನಗರದಲ್ಲಿ ಬೇಕಾದಷ್ಟು ಜನರಿದ್ದಾರೆ. ಆದರೆ ದೇವಿರಮ್ಮನವರು ಶಾಸಕಿಯಾದ ಎರಡನೆಯ ವರ್ಷ ನಡೆದದ್ದನ್ನು ಪೂರ್ತಿಯಾಗಿ ಬಲ್ಲವರು ಈವರೆಗೆ ಇಬ್ಬರೇ ಇದ್ದರು. ಅವರಲ್ಲೊಬ್ಬರು ಈಗ ಇಲ್ಲ. ಈ ಅಭಿನಂದನಾ ಸಂಪುಟಕ್ಕೆಂದು ಕೇಳಿದಾಗ ದೇವಿರಮ್ಮನವರು ಅದನ್ನು ಹೇಳಿಕೊಂಡರು.

ರಾಮಕೃಷ್ಣನಗರದಾಚೆ, ಹಳೆಯ ಹಳ್ಳಿಯೊಂದನ್ನು ನುಂಗಿ ಎದ್ದ ಬಡಾವಣೆಯಲ್ಲಿ ಸರ್ಕಾರಿ ಶಾಲೆಗೆ ಹೊಸ ಕಟ್ಟಡವಾಗಿತ್ತು. ಎರಡು ದಿನ ಕಳೆದರೆ ಉದ್ಘಾಟನೆ. ಮಂತ್ರಿಗಳು ಬರುವವರಿದ್ದರು, ಇನ್ನೂರ ನಲವತ್ತು ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತು ಹಾಡುವುದಿತ್ತು. ಸಿದ್ಧತೆ ನೋಡಲು ದೇವಿರಮ್ಮನವರು ಮಟಮಟ ಮಧ್ಯಾಹ್ನದಲ್ಲಿ ಮೈದಾನ ದಾಟುತ್ತಿದ್ದಾಗ ಯಾರೋ ‘ದೇವೀರೀ’ ಎಂದು ಕೂಗಿದರು. ಅದು ಅವರ ಬಾಲ್ಯದ ಹೆಸರು. ತಾಯಿ ತೀರಿಕೊಂಡ ಮೇಲೆ ಆ ಹೆಸರಿನಿಂದ ಅವರನ್ನು ಕರೆದವರಿಲ್ಲ. ತಿರುಗಿ ನೋಡಿದರೆ, ಎಂಬತ್ತು ದಾಟಿದ ಮುದುಕಿಯೊಬ್ಬಳು ನೀರಿನ ಬಿಂದಿಗೆಯನ್ನು ಪಕ್ಕದಲ್ಲಿಟ್ಟುಕೊಂಡು, ಬಾಯನ್ನು ನೆಲಕ್ಕೆ ಹತ್ತಿರ ತಂದು ಕೂಗುತ್ತಿದ್ದಳು. ಕರೆ ಅವರಿಗಾಗಿರಲಿಲ್ಲ, ನೆಲದೊಳಕ್ಕೆ ಹೋಗುತ್ತಿತ್ತು.

ಕಟ್ಟಡದ ಎಂಜಿನಿಯರ್ ವಿಜಯ್‌ಕುಮಾರ್ ಓಡಿಬಂದು, ಈಕೆ ಕೆಂಚಮ್ಮ, ದಿನವೂ ಬರುತ್ತಾಳೆ, ತಲೆ ನೆಟ್ಟಗಿಲ್ಲ ಎಂದು ಸಮಾಧಾನ ಹೇಳಿದರು. ದೇವಿರಮ್ಮನವರು ಮುದುಕಿಯ ಪಕ್ಕದಲ್ಲಿ ಕೂತರು.

“ನನ್ ತಂಗಿ ದೇವೀರಿ ಇಲ್ಲಿ ಅವ್ಳೆ ಕಣವ್ವ,” ಎಂದಳು ಕೆಂಚಮ್ಮ. “ಎಂಟು ವರ್ಸದೋಳು. ನೀರು ಸೇದಾಕ್ ಬಂದು ಬಾವೀಗ್ ಬಿದ್ದೋದ್ಲು. ಮೂರು ದಿನ ಹುಡುಕುದ್ರು, ಸಿಗ್ನಿಲ್ಲ. ಆಮ್ಯಾಕೆ ಸೈಟ್ ಮಾಡೋರು ಬಂದು ಬಾವಿ ಮ್ಯಾಲೆ ಚಪ್ಪಡಿ ಎಳ್ದು ಮಣ್ ಹಾಕ್‌ಬುಟ್ರು.”

ನಕ್ಷೆಯಲ್ಲಿ ಬಾವಿಯೇ ಇಲ್ಲವೆಂದರು ವಿಜಯ್‌ಕುಮಾರ್. ಕೆಂಚಮ್ಮ ಬಿಂದಿಗೆಯನ್ನು ಬಗ್ಗಿಸಿದಳು. ಒಂದು ಬಿಂದಿಗೆ ನೀರು ಮೊರದಗಲ ಜಾಗದಲ್ಲಿ ಹನಿಯೂ ನಿಲ್ಲದೆ ಇಂಗಿಹೋಯಿತು. ದೇವಿರಮ್ಮನವರು ಸೆರಗು ಬಿಗಿದು, ಅಧಿಕಾರಿಗಳೆಲ್ಲ ನೋಡುತ್ತಿದ್ದಂತೆ ನೆಲಕ್ಕೆ ಕಿವಿಯಿಟ್ಟರು. ಮೊದಲು ಏನೂ ಇಲ್ಲ. ಆಮೇಲೆ ತೀರ ಕೆಳಗೆಲ್ಲೋ ನೀರಿನ ಮೇಲೆ ನೀರು ಬಿದ್ದ ಸದ್ದು, ಹನಿ ಹನಿಯಾಗಿ. ಕೆಂಚಮ್ಮ ಮತ್ತೊಮ್ಮೆ ‘ದೇವೀರೀ’ ಎಂದಳು.

ಕೆಳಗಿನಿಂದ “ಓ” ಎಂದು ದನಿ ಬಂತು.

ಮಾರ್ದನಿಯಲ್ಲ. ಕೂಗಿದ ಮಾತೇ ಬೇರೆ, ಬಂದ ಮಾತೇ ಬೇರೆ. ಆಟ ಬಿಟ್ಟು ಬರಲು ಮನಸ್ಸಿಲ್ಲದ ಮಗು ಓಗೊಡುವಂತಿತ್ತು ಅದು. ದೇವಿರಮ್ಮನವರು ಎದ್ದು ಕೈ ಕೊಡವಿಕೊಂಡರು. ನೀರಿನ ಸದ್ದಿನ ವಿಷಯವನ್ನು ಮಾತ್ರ ಹೇಳಿ, ಮಕ್ಕಳು ಇಲ್ಲಿ ನಿಲ್ಲಕೂಡದೆಂದರು. ದನಿಯ ವಿಷಯ ಎತ್ತಲಿಲ್ಲ.

ಸಮಾರಂಭ ಶಾಲೆಯ ಮುಂದಿನ ರಸ್ತೆಯಲ್ಲಿ ನಡೆಯಿತು. ಇಕ್ಕಟ್ಟಿನಲ್ಲಿ ಕೂತ ಮಂತ್ರಿಗಳು ಮುಖ ಗಂಟಿಕ್ಕಿಕೊಂಡೇ ಹೊರಟರು. ಮೈದಾನಕ್ಕೆ ಏನೂ ಆಗಲಿಲ್ಲ. ಬಾವಿ ಅಗೆದು ನೋಡಿ ಎಂದು ಅಧಿಕಾರಿಗಳಿಗೆ ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ಮುದುಕಿಯ ದೆವ್ವದ ಕತೆಗೆ ಕಿವಿಗೊಡುವ ಶಾಸಕಿಯೆಂದು ಸ್ವಂತ ಪಕ್ಷದವರೇ ಆಡಿಕೊಂಡರು. ಅವರಿಗೆಂದು ಮಾತಾಗಿದ್ದ ನಿಗಮದ ಅಧ್ಯಕ್ಷ ಸ್ಥಾನ ಬೇರೆಯವರ ಪಾಲಾಯಿತು. ದೇವಿರಮ್ಮನವರಿಗೂ ಒಳಗೊಳಗೇ ಅಳುಕು: ತಾವು ಕೇಳಿದ್ದು ನಿಜವೇ, ಅಥವಾ ತಮ್ಮದೇ ಹೆಸರಿನ ಮಾಯೆಯೇ? ಕೃಷ್ಣಮೂರ್ತಿಪುರಂನಿಂದ ದಿನವೂ ಬಂದುಹೋಗುತ್ತಿದ್ದ ಮುಖ್ಯೋಪಾಧ್ಯಾಯಿನಿ ರಮಾಮಣಿಯವರು ಮಾತ್ರ ಅವರ ಮಾತಿಗೆ ಬೆಲೆ ಕೊಟ್ಟು, ಬೆಳಗಿನ ಪ್ರಾರ್ಥನೆಯನ್ನು ಜಗಲಿಯಲ್ಲಿಯೇ ನಡೆಸುತ್ತಿದ್ದರು. ಕೊನೆಗೆ ಅವರ ಮೇಲೂ ಒತ್ತಡ ಬಂತು. ಸೋಮವಾರದಿಂದ ಮಕ್ಕಳನ್ನು ಮೈದಾನಕ್ಕೆ ಇಳಿಸುವುದೆಂದು ತೀರ್ಮಾನವಾಯಿತು.

ಶನಿವಾರ ಬೆಳಿಗ್ಗೆ, ಜಗಲಿಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಕಣ್ಣು ತೆರೆಯುವ ಹೊತ್ತಿಗೆ, ಮೈದಾನದ ನಡುವೆ ನೆಲ ಮೆಲ್ಲಗೆ ತಗ್ಗಾಯಿತು. ವಯಸ್ಸಾದವರು ಉಸ್ಸೆಂದು ಕೂತಂತೆ. ಧೂಳು ಅಡಗಿದಾಗ ಅಲ್ಲಿ ಎರಡಾಳು ಅಗಲದ ಕಪ್ಪು ಬಾಯಿ ತೆರೆದಿತ್ತು. ಮಕ್ಕಳಾರೂ ಕೂಗಿಕೊಳ್ಳಲಿಲ್ಲ. ಇನ್ನೂರ ನಲವತ್ತು ಮಕ್ಕಳು ಅಷ್ಟು ಮೌನವಾಗಿ ನಿಂತದ್ದನ್ನು ತಾವು ಮುಂದೆಂದೂ ಕಾಣಲಿಲ್ಲವೆಂದು ರಮಾಮಣಿಯವರು ಹೇಳುತ್ತಿರುತ್ತಾರೆ.

ಅಗ್ನಿಶಾಮಕದವರು ಹಗ್ಗ ಕಟ್ಟಿ ಇಳಿದರು. ಕಲ್ಲು ಕಟ್ಟಡದ ಬಾವಿ, ತಳದಲ್ಲಿ ತಿಳಿನೀರು. ದಿನವಿಡೀ ಹುಡುಕಿದರೂ ಮೂಳೆಯ ಚೂರಾಗಲಿ ಬಟ್ಟೆಯ ಎಳೆಯಾಗಲಿ ಸಿಗಲಿಲ್ಲ. ವಿಜಯ್‌ಕುಮಾರ್ ಎಲ್ಲರೆದುರು ಕೈಮುಗಿದು ತಪ್ಪಾಯಿತೆಂದರು. ದೇವಿರಮ್ಮನವರು ಅವರನ್ನು ಬದಿಗೆ ಸರಿಸಿ ಕೆಂಚಮ್ಮನ ಬಳಿ ಹೋದರು. ಸುಳ್ಳು ಸಮಾಧಾನ ಹೇಳಲು ಬಾಯಿ ಬರಲಿಲ್ಲ. ಏನೂ ಸಿಗಲಿಲ್ಲವೆಂದು ಇದ್ದದ್ದನ್ನು ಇದ್ದಂತೆ ತಿಳಿಸಿದರು.

“ಸಿಗದಿದ್ರೆ ಬುಡು ತಾಯಿ,” ಎಂದಳು ಕೆಂಚಮ್ಮ. “ಅವತ್ತು ಓ ಅಂದ್ಲಲ್ಲ, ನೀನೂ ಕೇಳುಸ್ಕಂಡ್ಯಲ್ಲ. ಅರವತ್ತು ವರ್ಸ ನಾನೊಬ್ಳೇ ಕೇಳುಸ್ಕಂತಿದ್ದೆ.”

ದೇವಿರಮ್ಮನವರು ಅವಳ ಕೈ ಹಿಡಿದುಕೊಂಡು ಅಲ್ಲಿಯೇ ಕೂತುಬಿಟ್ಟರಂತೆ. ಆ ದಿನದ ನಂತರ ಕೆಂಚಮ್ಮ ಬಿಂದಿಗೆ ಹೊತ್ತು ಬರಲಿಲ್ಲ. ಎರಡು ವರ್ಷ ಬದುಕಿದ್ದಳು. ತೀರಿಕೊಂಡಾಗ ಒಡಹುಟ್ಟಿದವರಂತೆ ನಿಂತು ಮಣ್ಣು ಮಾಡಿಸಿದವರು ದೇವಿರಮ್ಮನವರೇ.

ಅಂದು ಪತ್ರಕ್ಕೆ ಉತ್ತರ ಕೊಡದಿದ್ದವರು ಮುಂದೆ ಅವರ ಜೊತೆಯಲ್ಲಿಯೇ ಓಡಾಡಬೇಕಾಯಿತು. ಬಡಾವಣೆಗಳ ಅಡಿ ಸೇರಿದ ಹಳೆಯ ಬಾವಿಗಳನ್ನು ಹಳ್ಳಿಯ ಹಿರಿಯರಿಂದಲೇ ಕೇಳಿ ಗುರುತಿಸುವ ಕೆಲಸವನ್ನು ಅವರು ಹಟ ಹಿಡಿದು ಮಾಡಿಸಿದರು. ನಲವತ್ತೊಂದು ಬಾವಿಗಳು ಸಿಕ್ಕವು. ಅವುಗಳಲ್ಲಿ ಮೂರು, ಜನ ವಾಸವಿದ್ದ ಮನೆಗಳ ಅಡಿಯಲ್ಲಿದ್ದವು.

ಅಧಿಕಾರ ಬಿಟ್ಟರೂ ಆ ಕೆಲಸವನ್ನು ಅವರು ಬಿಟ್ಟಿಲ್ಲ. ಬರುವ ಸೋಮವಾರ ನಂಜನಗೂಡು ರಸ್ತೆಯ ಕಡೆಗೆ ಹೊರಟಿದ್ದಾರೆ. ತೊಂಬತ್ತು ವರ್ಷದ ಹಿರಿಯರೊಬ್ಬರು ತಮಗೆ ನೆನಪಿರುವ ಜಾಗಗಳನ್ನು ಕಣ್ಣು ಮುಚ್ಚುವುದರೊಳಗೆ ತೋರಿಸುತ್ತೇನೆಂದು ಹೇಳಿಕಳಿಸಿದ್ದಾರೆ. ದೇವಿರಮ್ಮನವರಿಗೆ ಚಾಮುಂಡಿ ತಾಯಿ ನೂರು ವರ್ಷದ ಆಯುಷ್ಯವನ್ನೂ ನಡೆದಾಡುವ ಕಸುವನ್ನೂ ಕರುಣಿಸಲಿ. ಅವರು ಕಾಲಿಟ್ಟ ಕಡೆಯೆಲ್ಲ ನೆಲ ಗಟ್ಟಿಯಾಗಿರಲಿ.