ಹಿತ್ತಲ ಕೊಳ ಮತ್ತು ಒದ್ದೆ ಹೆಜ್ಜೆ

ಒದ್ದೆ ಕಾಲಿನ ಗುರುತು ನೆಲದ ಮೇಲೆ ಯಾವ ಕ್ರಮದಲ್ಲಿ ಆರುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರೋ ಇಲ್ಲವೋ ಕಾಣೆ. ನಾನಂತೂ ತಲೆಗೂದಲು ಪೂರ್ತಿ ಬೆಳ್ಳಗಾಗುವವರೆಗೆ ಆ ಕಡೆ ಲಕ್ಷ್ಯ ಕೊಟ್ಟವನಲ್ಲ. ಮೊದಲು ಅಂಗಾಲಿನ ನಡುವಿನ ತೆಳುಭಾಗ ಮಾಯವಾಗುತ್ತದೆ, ಆಮೇಲೆ ಬೆರಳುಗಳು ಒಂದೊಂದಾಗಿ ಅಳಿಯುತ್ತವೆ, ಎಲ್ಲಕ್ಕೂ ಕೊನೆಗೆ ಹಿಮ್ಮಡಿ. ಅಂದರೆ ಮನುಷ್ಯ ಹೊರಟುಹೋದ ಮೇಲೂ ಅವನ ಭಾರ ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿರುತ್ತದೆ. ನನ್ನ ಹೆಂಡತಿ ಕಮಲೆಗೆ ಈ ತತ್ತ್ವಜಿಜ್ಞಾಸೆಯಲ್ಲಿ ಆಸಕ್ತಿಯಿಲ್ಲ. ಯಾರ ಕಾಲು ಒದ್ದೆಯೋ ಅವರ ಕೈಯಲ್ಲೇ ಒರೆಸುವ ಅರಿವೆ ಎಂಬುದು ಆಕೆಯ ಏಕವಾಕ್ಯದ ಸಂವಿಧಾನ. ರೋಣದ ನ್ಯಾಯಾಲಯದಲ್ಲಿ ಕರಿಕೋಟು ತೊಟ್ಟು ಉದ್ದುದ್ದ ವಾಕ್ಯಗಳಲ್ಲಿ ವಾದಿಸುವ ನಾನು ಮನೆಯಲ್ಲಿ ಮಂಡಿಯೂರಿ ಮೊಸಾಯಿಕ್ ನೆಲ ಒರೆಸುವುದನ್ನು ನನ್ನ ಕಕ್ಷಿದಾರರು ಯಾರೂ ಇನ್ನೂ ನೋಡಿಲ್ಲ.

ಒದ್ದೆ ಹೆಜ್ಜೆ ನಮ್ಮ ಸೀಮೆಯಲ್ಲಿ ಒಂದು ವೈಭವ ಎಂಬುದನ್ನೂ ಇಲ್ಲಿ ಅರಿಕೆ ಮಾಡಿಕೊಳ್ಳಬೇಕು. ನಳದಲ್ಲಿ ನೀರು ಬಂತೆಂದರೆ ಬೀದಿಗೆ ಬೀದಿಯೇ ಕೊಡ, ಪೀಪಾಯಿಗಳೊಂದಿಗೆ ಎಚ್ಚರಾಗುವ ಊರು ನಮ್ಮದು. ಬೋರು ಕೊರೆಸಿದರೆ ಸವಳು ನೀರು, ಬಾಯಿಗಿಟ್ಟರೆ ಮುಖ ಕಿವಿಚಬೇಕು. ತುಂಬಿ ಹರಿಯುವ ನೀರನ್ನು ಕಣ್ಣಾರೆ ಕಾಣಬೇಕೆಂದರೆ ಮಲಪ್ರಭೆಗೆ ಮಹಾಪೂರ ಬಂದಾಗ ನರಗುಂದ ದಾಟಿ ಕೊಣ್ಣೂರಿನ ಸೇತುವೆಯವರೆಗೆ ಹೋಗಿ, ಮುಳುಗಿದ ಸೇತುವೆಯನ್ನು ನೋಡಿ, ಅಂಜಿ, ಚಹಾ ಕುಡಿದು ಮರಳಬೇಕು. ನಮ್ಮ ವಂಶದಲ್ಲಿ ಈಜು ಬಲ್ಲವರು ಒಬ್ಬರೂ ಇರಲಿಲ್ಲ. ಇಂಥ ನಾನು ಹಿತ್ತಲಲ್ಲಿ ಈಜುಕೊಳ ಕಟ್ಟಿಸಲು ಹೊರಟಾಗ ವಕೀಲರ ಸಂಘದಲ್ಲಿ ನಗೆಯಾಡಿದ್ದು ಸಹಜವೇ ಆಗಿತ್ತು. ಸಮುದ್ರ ಯಾವಾಗ ಬರ್ತದ್ರೀ ಎಂದು ಹಿರಿಯರೊಬ್ಬರು ದಿನವೂ ವಿಚಾರಿಸುತ್ತಿದ್ದರು.

ಆದರೆ ಅದು ಶೋಕಿಯಲ್ಲ. ನಮ್ಮ ಮೊಮ್ಮಗಳು ಸಿಂಚನಾಳ ಬಲಪಾದ ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡಿತ್ತು. ಶಸ್ತ್ರಕ್ರಿಯೆಯಿಂದ ಪಾದ ನೆಟ್ಟಗಾಯಿತು, ನಡಿಗೆ ಆಗಲಿಲ್ಲ. ಆಕೆ ಇಂದಿಗೂ ಬಲಗಾಲಿನ ಹೊರ ಅಂಚನ್ನಷ್ಟೇ ಊರುತ್ತಾಳೆ, ಆದ್ದರಿಂದ ಆಕೆಯ ಒದ್ದೆ ಹೆಜ್ಜೆಯಲ್ಲಿ ಎಡಗಾಲು ಪೂರ್ತಿ, ಬಲಗಾಲು ಅರ್ಧ. ಮಗುವನ್ನು ದಿನಾಲೂ ನೀರಿನಲ್ಲಿ ನಡೆಸಿ, ನೀರು ಮೈಯ ಭಾರ ಹೊತ್ತುಕೊಂಡರೆ ಪಾದ ತಾನೇ ಪೂರ್ತಿ ಊರಲು ಕಲಿಯುತ್ತದೆ ಎಂದು ಗದಗಿನ ದವಾಖಾನೆಯ ವೈದ್ಯರು ಹೇಳಿದರು. ಬೆಳೆಯುವ ಎಲುಬು ನಮಗಾಗಿ ಕಾಯುವುದಿಲ್ಲ ಎಂದೂ ಎಚ್ಚರಿಸಿದರು. ಹೀಗಾಗಿ ಮೊದಲು ಮೇವಿನ ಬಣವೆ ಇರುತ್ತಿದ್ದ ಹಿತ್ತಲ ಮೂಲೆಯಲ್ಲಿ ಕೊಳ ತೋಡಿಸುವುದು ನಿಶ್ಚಯವಾಯಿತು.

ಹುಬ್ಬಳ್ಳಿಯ ಗುತ್ತಿಗೆದಾರ ಚಿತ್ರಗಳ ಪುಸ್ತಕ ತಂದು ಹರವಿದ. ದುಂಡನೆಯ ಕೊಳ, ಏಣಿ ಇಳಿಬಿಟ್ಟ ಕೊಳ, ಮೆಟ್ಟಿಲು ಎಂದರೆ ನಮ್ಮ ಪಾವಟಿಗೆ ಕಟ್ಟಿದ ಕೊಳ. ವರಾನ್ವೇಷಣೆಯಲ್ಲಿಯೂ ಇಷ್ಟು ಫೋಟೋ ನೋಡಿರದ ನಾನು ಕನ್ನಡಕ ಏರಿಸಿ ಇಳಿಸಿ ಕೊನೆಗೆ ಒಂದರ ಮೇಲೆ ಬೆರಳಿಟ್ಟೆ. ಅದಕ್ಕೆ ಒಂದು ಕಡೆ ಮೆಟ್ಟಿಲೂ ಇಲ್ಲ, ಅಂಚೂ ಇಲ್ಲ. ನೆಲವೇ ಮೆಲ್ಲಗೆ ಇಳಿಜಾರಾಗಿ, ಉಗುರು ನೆನೆಯುವಷ್ಟು ನೀರಿನಿಂದ ಪಾದ ಮುಳುಗುವಷ್ಟಕ್ಕೆ, ಅಲ್ಲಿಂದ ಮೊಣಕಾಲಿನವರೆಗೆ ಸಾಗುತ್ತದೆ. ಕೂಸುಗಳಿರುವ ಮನೆಗೆ ಇದಕ್ಕಿಂತ ಸುರಕ್ಷಿತವಾದದ್ದು ಇಲ್ಲ, ಇಳಿದದ್ದು ಗೊತ್ತೇ ಆಗುವುದಿಲ್ಲ ಎಂದು ಗುತ್ತಿಗೆದಾರ ಹೇಳಿದ. ಆ ಮಾತು ನನಗೆ ಬಹಳ ಹಿಡಿಸಿತು.

ಹಿಡಿಸದೆ ಹೋದದ್ದು ನನ್ನ ತಾಯಿಗೆ. ಅವ್ವನ ತವರು ಬೆಳವಣಕಿಯ ಆಚೆಯ ಒಂದು ಸಣ್ಣ ಊರು. ಎರೆಭೂಮಿಯ ಆ ಊರುಗಳಲ್ಲಿ ಮಳೆನೀರು ಕೂಡಿಟ್ಟ ಹೊಂಡವೇ ಕುಡಿಯುವ ನೀರಿಗೆ ಆಧಾರವಾಗಿತ್ತು, ಮತ್ತು ಹೊಂಡಕ್ಕೆ ಒಂದು ಕಟ್ಟುನಿಟ್ಟಾದ ರಿವಾಜು ಇತ್ತು: ಚಪ್ಪಲಿ ದೂರ ಬಿಡಬೇಕು, ಒಣಗಿದ ಕೊನೆಯ ಪಾವಟಿಗೆಯ ಮೇಲೆ ಕೂತು ಬಾಗಿ ಕೊಡ ತುಂಬಬೇಕು, ನೀರಿಗೆ ಕಾಲು ಮಾತ್ರ ತಾಗಿಸಬಾರದು. ಅವ್ವನ ಕಾಲುಗಳು ಆ ಪಾಠವನ್ನು ಇಂದಿಗೂ ಮರೆತಿಲ್ಲ. ಕೊಳ ತುಂಬಿದ ದಿನ ಗಂಗಾಪೂಜೆಗೆಂದು ಅರಿಷಿಣ ಕುಂಕುಮ ಹಿಡಿದು ಬಂದವಳು ಇಳಿಜಾರನ್ನು ಕಂಡದ್ದೇ ತಡ ನಿಂತುಬಿಟ್ಟಳು, ಸೀರೆಯ ನಿರಿಗೆ ಎತ್ತಿ ಹಿಡಿದಳು, ನೀರಿನ ಅಂಚು ಎಲ್ಲಿದೆಯೆಂದು ಕಣ್ಣು ಕಿರಿದು ಮಾಡಿ ಹುಡುಕಿದಳು. ಕುಂಕುಮವನ್ನು ದೂರದಿಂದಲೇ ಎರಚಿ ಒಳಗೆ ಹೋದಳು. ಸಿಂಚನಾ ನೀರಿಗೆ ಇಳಿಯುವುದಾದರೆ ತನಗೆ ಅನ್ನ ಬೇಡ ಎಂದು ಕಮಲೆಯ ಮುಂದೆ ಹೇಳಿದಳಂತೆ.

ಇದನ್ನು ಮಡಿಯ ಪ್ರಶ್ನೆಯೆಂದು ತಿಳಿದು ನಾನು ವಾದಕ್ಕೆ ನಿಂತೆ. ಇದು ಕುಡಿಯುವ ನೀರಲ್ಲ, ಸವಳು ನೀರು, ಕಾಲಿಡಲೆಂದೇ ಇರುವಂಥದ್ದು, ಆದಕಾರಣ ಹೊಂಡದ ನಿಯಮ ಇದಕ್ಕೆ ಅನ್ವಯಿಸದು ಎಂದು ಸಾಂಗೋಪಾಂಗವಾಗಿ ನಿರೂಪಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು.

"ಪಾವಟಿಗಿ ಇದ್ರ ನೀರು ಎಲ್ಲಿ ಚಾಲೂ ಆತು ಅಂತ ಕಾಲಿಗೆ ತಿಳೀತೈತಿ," ಎಂದಳು. "ಇದು ಏನೂ ಹೇಳಂಗಿಲ್ಲ. ಸುಮ್ಮ ಒಳಗ ಕರಕೊಂಡು ಹೋಗತೈತಿ."

ಮುದುಕರ ಮಾತು ಎಂದು ನಾನು ಅದನ್ನು ಬದಿಗಿಟ್ಟೆ, ಮತ್ತು ಅವ್ವ ಹಟ ಬಿಡುವವರೆಗೆ ನಾಲ್ಕು ದಿನ ಸುಮ್ಮನಿರೋಣ ಎಂದುಕೊಂಡೆ. ಆಗಲೇ ಆಷಾಢದ ಗಾಳಿ ಶುರುವಾಯಿತು. ನಮ್ಮ ಕಡೆಯ ಆಷಾಢ ನಿಮಗೆ ಗೊತ್ತಿದ್ದರೆ ಹೇಳಬೇಕಾಗಿಲ್ಲ: ಮೋಡವಿರುತ್ತದೆ, ಮಳೆಯಿರುವುದಿಲ್ಲ, ಗಾಳಿ ಹಗಲಿರುಳೂ ಹೊಲದ ಕರಿಮಣ್ಣನ್ನು ತಂದು ಮನೆಯೊಳಗೆ ಸುರಿಯುತ್ತದೆ. ಕೊಳದ ಇಳಿಜಾರಿನ ಮೇಲೂ, ತೆಳು ನೀರಿನ ಕೆಳಗೆ, ಒಂದು ಪದರ ಕರಿಹೂಳು ಕೂತಿತು. ಮುಂಜಾನೆ ಅದನ್ನು ಗುಡಿಸಲು ಪೊರಕೆ ಹಿಡಿದು ಹೋದವನಿಗೆ ಹೂಳಿನಲ್ಲಿ ಪುಟ್ಟ ಕಾಲಿನ ಗುರುತುಗಳು ಕಂಡವು.

ಮೊಮ್ಮಗಳು ಕಣ್ಣು ತಪ್ಪಿಸಿ ಇಳಿದಿದ್ದಾಳೆ ಎಂದು ನಾನು ಒಳಗೊಳಗೇ ನಕ್ಕೆ. ಆಕೆಯನ್ನು ಕರೆದು ತೋರಿಸಿದೆ. ಸಿಂಚನಾ ಬಗ್ಗಿ, ತನ್ನ ವಯಸ್ಸಿನ ಮಕ್ಕಳು ಚಿತ್ರದ ಪುಸ್ತಕ ಓದುವಂತೆ, ಗುರುತುಗಳನ್ನು ಒಂದೊಂದಾಗಿ ನೋಡುತ್ತ ನೀರಿನ ಕಡೆಗೆ ಸರಿದಳು.

"ಅಜ್ಜಾ, ಇಕಿ ಇಳದಾಳ," ಎಂದಳು. "ಮ್ಯಾಲ ಬಂದೇ ಇಲ್ಲ ನೋಡು."

ನನಗೆ ಆಗ ಕಂಡದ್ದು ಎರಡು ಸಂಗತಿ. ಹೆಜ್ಜೆಗಳು ಕೆಳಗಷ್ಟೇ ಹೋಗಿದ್ದವು, ಇಳಿಜಾರು ಮುಗಿದು ಆಳ ಶುರುವಾಗುವ ಕಡೆ ನಿಂತುಬಿಟ್ಟಿದ್ದವು. ಮತ್ತು ಎರಡೂ ಪಾದಗಳು ಪೂರ್ತಿ ಊರಿದ್ದವು, ಬಲಗಾಲು ಅರ್ಧವಾಗಿರಲಿಲ್ಲ. ಸುಳ್ಳು ಸಾಕ್ಷಿಯನ್ನು ಒಂದು ನೋಟಕ್ಕೆ ಗುರುತಿಸುತ್ತೇನೆಂದು ಬೀಗುವ ನಾನು ಆ ಮುಂಜಾನೆ ಹಿತ್ತಲಲ್ಲಿ ಪೊರಕೆ ಹಿಡಿದು ನಿಂತು, ಪಕ್ಕದ ಮನೆಯ ಕೂಸಿರಬೇಕು ಎಂದೆ. ಪಕ್ಕದ ಮನೆಯಲ್ಲಿ ಕೂಸುಗಳಿಲ್ಲ, ಹಿತ್ತಲ ಗೋಡೆಯ ಮೇಲೆ ಗಾಜಿನ ಚೂರು ನೆಡಿಸಿದವನೂ ನಾನೇ. ಹೂಳನ್ನು ಗಡಿಬಿಡಿಯಿಂದ ಗುಡಿಸಿಹಾಕಿದೆ.

ಮರುದಿನ ಗಾಳಿ ಮತ್ತೆ ಹೂಳು ತಂದಿತು, ಹೆಜ್ಜೆಗಳೂ ಬಂದವು. ಹಿತ್ತಲ ಬಾಗಿಲಿಗೆ ಕೀಲಿ ಹಾಕಿ ಕೀಲಿಕೈಯನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆ. ಮುಂಜಾನೆ ಹೋದರೆ ಅವೇ ಹೆಜ್ಜೆ, ಅದೇ ಕಡೆ ಇಳಿದು, ಅಲ್ಲಿಯೇ ನಿಂತದ್ದು. ಇನ್ನೂ ಒಂದನ್ನು ಹೇಳಲೇಬೇಕು. ಗಾಳಿ ಗಪ್ಪನೆ ನಿಂತಾಗ ಕೊಳದ ನೀರು ಕನ್ನಡಿಯಾಗುತ್ತಿತ್ತು, ಆದರೆ ಇಳಿಜಾರಿನ ಅಂಚಿನಲ್ಲಿ ಮಾತ್ರ ಸಣ್ಣ ತೆರೆಯೊಂದು ಬಂದು ಬಂದು ನೆಲ ಮುಟ್ಟಿ ಹಿಂದಕ್ಕೆ ಸರಿಯುತ್ತಿತ್ತು, ಯಾರೋ ಒಳಗೆ ನಡೆದಾಡಿದರೆ ಏಳುವಂಥ ತೆರೆ. ಕಮಲಾ ಅದನ್ನು ನೋಡಿ ಒಣಗಹಾಕಿದ ಬಟ್ಟೆಗಳನ್ನೆಲ್ಲ ಮಾಳಿಗೆಗೆ ಒಯ್ದಳು. ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವಷ್ಟು ಶಬ್ದಸಂಪತ್ತು ನನ್ನಲ್ಲಿರಲಿಲ್ಲ.

ಅವ್ವನಿಗೆ ಯಾರೂ ಹೇಳಿರಲಿಲ್ಲ. ಸಿಂಚನಾಳೇ, ಊಟಕ್ಕೆ ಕೂತಾಗ, ದಿನಾ ಒಬ್ಬಾಕಿ ಇಳಿಯುತ್ತಾಳೆ, ಹತ್ತುವುದಿಲ್ಲ ಎಂದು, ತಾನು ಆಯಿ ಎಂದು ಕರೆಯುವ ಅವ್ವನಿಗೆ ವರದಿ ಒಪ್ಪಿಸಿದಳು. ಅವ್ವನ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. ಮಗುವನ್ನು ಕಮಲಾ ಒಳಗೆ ಕರೆದೊಯ್ದ ಮೇಲೆ, ನನ್ನ ಜೀವಮಾನದಲ್ಲಿ ಒಮ್ಮೆಯೂ ಕೇಳಿರದ ಹೆಸರೊಂದನ್ನು ಅವ್ವ ಹೇಳಿದಳು: ಕಾಶವ್ವ.

ಕಾಶವ್ವ ಅವ್ವನ ತಂಗಿ. ಒಂದು ಬೇಸಿಗೆ ಹೊಂಡದ ನೀರು ತಳ ಸೇರಿತ್ತು. ಕೆಳಗಿನ ಪಾವಟಿಗೆಗಳನ್ನೆಲ್ಲ ಹೂಳು ಮುಚ್ಚಿ, ಕೊನೆಯ ಒಣ ಕಲ್ಲಿನಿಂದ ನೀರಿನವರೆಗೆ ಒಂದು ಮೆತ್ತನೆಯ ಇಳಿಜಾರು ಉಂಟಾಗಿತ್ತು. ಮೇಲೆ ಒಣಗಿ ಬಿರಿದಿತ್ತು, ಕೆಳಗೆ ಕೆಸರು. ಅಕ್ಕ ತಂಗಿ ಇಬ್ಬರೂ ನೀರಿಗೆ ಹೋಗಿದ್ದರು. ಕಾಶವ್ವನ ತಂಬಿಗೆ ಕೈ ಜಾರಿ ಉರುಳಿತು, ಅದನ್ನು ತರಲು ಇಳಿದ ಆಕೆಯ ಕಾಲು ಕೆಸರಿನಲ್ಲಿ ಹೂತುಹೋಯಿತು. ಅವ್ವ ಹಿರಿಯರನ್ನು ಕೂಗಲು ಓಡಿ, ಜನ ಕೂಡಿಸಿಕೊಂಡು ಬರುವಷ್ಟರಲ್ಲಿ ಅಲ್ಲಿ ತಂಬಿಗೆಯೂ ಇರಲಿಲ್ಲ.

"ಇಳದ ಹೆಜ್ಜಿ ಇದ್ದೂ. ಹತ್ತಿದ ಹೆಜ್ಜಿ ಇರಲಿಲ್ಲ," ಎಂದಳು ಅವ್ವ. "ನನ್ನನ್ನ ಮನಿಗೆ ಎಳಕೊಂಡು ಹೋದ್ರು. ಕಾಶಿ ಕೊಣ್ಣೂರಿಗೆ ಅತ್ತಿ ಮನಿಗೆ ಹೋಗ್ಯಾಳ ಅಂದ್ರು. ಆಕೀನ್ನ ತಗದ್ರೋ ಇಲ್ಲೋ, ಯಾರೂ ಹೇಳಲಿಲ್ಲ. ಮಳಿ ಆತು, ಹೊಂಡ ತುಂಬ್ತು. ಅದ ನೀರು ಕುಡದು ನಾ ದೊಡ್ಡಾಕಿ ಆದೆ."

ಸುರಕ್ಷತೆಗೆಂದು ಪುಸ್ತಕ ತಿರುವಿ ತಿರುವಿ ನಾನು ಆರಿಸಿದ್ದು ಅದೇ ಇಳಿಜಾರನ್ನು. ಹಾಗೆಂದು ಒಡೆಸುವುದಾದರೂ ಹೇಗೆ? ಮೆಟ್ಟಿಲಿನ ಮೇಲೆ ಸಿಂಚನಾಳ ಕಾಲು ನಿಲ್ಲದು; ನೀರಿಲ್ಲದೆ ಆ ಕಾಲು ನೆಟ್ಟಗಾಗದು. ಒಂದು ಕಡೆ ಬೆಳೆಯುತ್ತಿರುವ ಎಲುಬು, ಇನ್ನೊಂದು ಕಡೆ ಹಿತ್ತಲ ಕೊಳದಲ್ಲಿ ದಿನಾ ಇಳಿಯುವ ಒಂದು ಜೀವ. ಮಗುವನ್ನು ಆ ನೀರಿಗೆ ಬಿಡುವ ಧೈರ್ಯ ನನಗಾಗಲಿ ಕಮಲೆಗಾಗಲಿ ಇರಲಿಲ್ಲ. ಮಣ್ಣು ಹಾಕಿಸಿ ಮುಚ್ಚಿಬಿಡುವುದೆಂದು ನಾನು ತೀರ್ಮಾನಿಸಿದೆ, ಟ್ರ್ಯಾಕ್ಟರಿನವನಿಗೆ ಫೋನನ್ನೂ ಮಾಡಿದೆ.

ಟ್ರ್ಯಾಕ್ಟರ್ ಬರುವ ಹಿಂದಿನ ಸಂಜೆ, ದೀಪ ಹಚ್ಚುವ ಮುಂಚೆ, ಅವ್ವ ಹಿತ್ತಲ ಬಾಗಿಲಲ್ಲಿ ಸಿಂಚನಾಳ ಕೈ ಹಿಡಿದು ನಿಂತಿದ್ದಳು. ಇಳಕಲ್ ಸೀರೆಯ ನಿರಿಗೆ ಎತ್ತಿ ಕಟ್ಟಿದ್ದಳು. ನಾನು ಬೇಡವೆನ್ನುವಷ್ಟರಲ್ಲಿ ಅವ್ವನ ಪಾದ ನೀರಿನಲ್ಲಿತ್ತು. ಎಂಬತ್ತು ದಾಟಿದ ಆ ಕಾಲುಗಳು ಕೊಡದಿಂದ, ಹಂಡೆಯಿಂದ ಸುರಿದುಕೊಂಡ ನೀರಿನಲ್ಲಿ ತೊಯ್ದದ್ದು ಬಿಟ್ಟರೆ ನಿಂತ ನೀರಿಗೆ ಇಳಿದದ್ದು ಅದೇ ಮೊದಲು. ಬಲಗೈಯಲ್ಲಿ ಸಿಂಚನಾ ಇದ್ದಳು. ಇಬ್ಬರೂ ಮೆಲ್ಲಗೆ ನಡೆದು ಇಳಿಜಾರು ಮುಗಿಯುವ ಕಡೆ ನಿಂತರು. ಗಾಳಿ ಇರಲಿಲ್ಲ. ಅವ್ವ ಬಾಗಿ, ಖಾಲಿಯಿದ್ದ ಎಡಗೈಯನ್ನು ಆಳದ ನೀರಿನ ಕಡೆ ಚಾಚಿದಳು.

"ಕಾಶಿ, ಸಾಕು ಬಾ," ಎಂದಳು. ಹೊತ್ತು ಮುಳುಗಿತೆಂದು ಆಟದ ಬಯಲಿನಿಂದ ಕೂಸನ್ನು ಕರೆಯುವ ದನಿ. "ಮನಿಗೆ ಹೋಗೂಣು."

ನೀರು ಅಲುಗಲಿಲ್ಲ. ಅವ್ವ ಆ ಎಡಗೈಯನ್ನು ಪುಟ್ಟ ಕೈಯೊಂದನ್ನು ಹಿಡಿದಂತೆ ಅರ್ಧ ಮಡಿಸಿ, ತಿರುಗಿ, ಮೇಲೆ ಬಂದಳು. ಸಿಂಚನಾಳನ್ನು ಎತ್ತಿಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ನಾನು ದಾರಿ ಬಿಟ್ಟೆ. ಅವರು ನನ್ನ ಪಕ್ಕದಲ್ಲೇ ಹಾದು, ಹಿತ್ತಲ ಕಲ್ಲುಹಾಸು ದಾಟಿ, ಹೊಸ್ತಿಲು ಮೀರಿ ಒಳಗೆ ಹೋದರು.

ಅಭ್ಯಾಸಬಲದಿಂದ ನಾನು ಒರೆಸುವ ಅರಿವೆ ಕೈಗೆತ್ತಿಕೊಂಡೆ. ನಡುವೆ ಅವ್ವನ ಅಗಲವಾದ ಹೆಜ್ಜೆಗಳಿದ್ದವು. ಬಲಕ್ಕೆ ಸಿಂಚನಾಳವು, ಎಡಗಾಲು ಪೂರ್ತಿ, ಬಲಗಾಲು ಅರ್ಧ. ಎಡಕ್ಕೆ ಇನ್ನೊಂದು ಸಾಲು ಇತ್ತು, ಸಣ್ಣವು, ಎರಡೂ ಪಾದ ಪೂರ್ತಿ ಊರಿದಂಥವು. ಕಮಲಾ ಬಂದು ನೋಡಿದಳು. ಏಕವಾಕ್ಯದ ಆ ಸಂವಿಧಾನಕ್ಕೆ ಆಕೆಯೇ ತಿದ್ದುಪಡಿ ತಂದಳು: "ಒರಸಬ್ಯಾಡ್ರಿ. ತಾವ ಆರ್ಲಿ."

ಟ್ರ್ಯಾಕ್ಟರಿನವನಿಗೆ ಬೇಡವೆಂದು ಹೇಳಿದೆ. ಸಿಂಚನಾ ಈಗ ದಿನವೂ ಅವ್ವನ ಕೈ ಹಿಡಿದು ನೀರಿನಲ್ಲಿ ನಡೆಯುತ್ತಾಳೆ, ಬಲಗಾಲಿನ ಗುರುತು ಸ್ವಲ್ಪ ಸ್ವಲ್ಪವೇ ಅಗಲವಾಗುತ್ತಿದೆ. ಅದನ್ನು ಕಂಡು ನನಗೆ ಆಗುವ ಸಂತೋಷ ಹೇಳತೀರದು. ಗಾಳಿ ಈಗಲೂ ಹೂಳು ತರುತ್ತದೆ, ಮುಂಜಾನೆ ಅದರ ಮೇಲೆ ಯಾವ ಗುರುತೂ ಇರುವುದಿಲ್ಲ. ಆದರೆ ಆ ಸಂಜೆ ಅರಿವೆಯನ್ನು ಕೈಯಲ್ಲೇ ಹಿಡಿದು ನಾನು ಪಡಸಾಲೆಯಲ್ಲಿ ಕೂತು ಮೂರು ಸಾಲು ಹೆಜ್ಜೆಗಳು ಆರುವುದನ್ನು ನೋಡಿದೆ. ಮೊದಲು ನಡುವಿನ ತೆಳುಭಾಗ, ಆಮೇಲೆ ಬೆರಳುಗಳು. ಕೊನೆಗೆ ಅವ್ವನ ಕೋಣೆಯ ಬಾಗಿಲಲ್ಲಿ ಒಂದು ಪುಟ್ಟ ಹಿಮ್ಮಡಿ ಉಳಿಯಿತು, ಅದು ಬಹಳ ಹೊತ್ತು ಆರಲಿಲ್ಲ. ಒಳಗೆ ಬಂದ ಹೆಜ್ಜೆಗಳಿದ್ದವು. ಹೊರಗೆ ಹೋದವು ಇರಲಿಲ್ಲ.