ಅಪ್ಪಯ್ಯನ ತೊಲೆಗಳ ಕೆಳಗೆ ಏಳು ತಟ್ಟೆ ಊಟ

ಅಪ್ಪಯ್ಯ ಮರದ ಕೆಲಸದವರು. ಶಂಕರನಾರಾಯಣದ ಹತ್ತಿರದ ನಮ್ಮ ಮನೆಯಿಂದ ಬೆಳಿಗ್ಗೆ ಮೊದಲ ಬಸ್ಸಿಗೆ ಉಳಿ, ಗರಗಸದ ಚೀಲ ಹೊತ್ತು ಹೊರಟರೆ ಬರುವುದು ಸಂಜೆಗೆ. ಅವರು ಎಲ್ಲೆಲ್ಲಿ ಏನೇನು ಮಾಡಿದ್ದಾರೆಂದು ನಾನೂ ಅಮ್ಮನೂ ಕಣ್ಣಾರೆ ಕಂಡವರಲ್ಲ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದ ಕಾಲ. ಕುಂದಾಪುರದ ಹೊಳೆಬದಿಯಲ್ಲಿದ್ದ, ಹಿಂದಿನ ಕಾಲದ ವರ್ತಕರೊಬ್ಬರ ಉಪ್ಪರಿಗೆ ಮನೆಯನ್ನು ಯಾರೋ ಹೋಟೆಲಿನವರು ಕೊಂಡರು. ಗೋಡೆ ಗಟ್ಟಿಯಿತ್ತು, ತೊಲೆಗಳ ತುದಿಗೆ ಗೆದ್ದಲು ಹಿಡಿದಿತ್ತು. ಹಂಚಿನ ಮಾಡು ಇಳಿಸಿ ಸ್ಲ್ಯಾಬ್ ಹಾಕುವುದೇ ಸರಿ ಎಂದು ಎಂಜಿನಿಯರು ಹೇಳಿದ್ದರು. ಮರ ನೋಡಲು ಕರೆಸಿದ್ದ ಅಪ್ಪಯ್ಯ ಏಣಿ ಹತ್ತಿ, ಸುತ್ತಿಗೆಯಿಂದ ಒಂದೊಂದೇ ತೊಲೆಯನ್ನು ಕುಟ್ಟಿ ಸದ್ದು ಕೇಳಿ, ಇಳಿದು ಬಂದು, “ತುದಿ ಹಾಳಾಯಿತ್, ನಡು ಗಟ್ಟಿ ಇತ್ತ್. ಬಿಸಾಡೂದ್ ಎಂತಕೆ?” ಎಂದರಂತೆ. ಆಮೇಲೆ ಒಂದು ವರ್ಷ ಅದೇ ಕೆಲಸ. ಗೆದ್ದಲು ತಿಂದಷ್ಟನ್ನೇ ಕೊಯ್ದು, ಹೊಸ ಮರವನ್ನು ಹಳೆಯದಕ್ಕೆ ಕಚ್ಚಿಸಿ ಕೂರಿಸಿದರು.

ನಾನಾಗ ಬ್ರಹ್ಮಾವರದ ಶಾಲೆಯೊಂದರಲ್ಲಿ ಟೀಚರ್. ಮನೆ ಹೋಟೆಲಾದ ಮೇಲೆ ನಮ್ಮ ಸ್ಟಾಫ್ ರೂಮಿನಲ್ಲಿ ಅದರದೇ ಮಾತು. ಅಲ್ಲಿ ಬೇಕಾದದ್ದನ್ನು ಕೇಳಿ ತಿನ್ನುವ ಕ್ರಮ ಇಲ್ಲವಂತೆ, ಅವರು ಕೊಟ್ಟದ್ದನ್ನೇ ಒಂದಾದ ಮೇಲೊಂದು ಏಳು ತಟ್ಟೆ ತಿನ್ನಬೇಕಂತೆ, ಮೊದಲೇ ಫೋನು ಮಾಡಿ ಮೇಜು ಹಿಡಿಯಬೇಕಂತೆ. ನಾನು ಯಾರಿಗೂ ಹೇಳದೆ ಒಂದು ಭಾನುವಾರ ಮಧ್ಯಾಹ್ನಕ್ಕೆ ಮೂರು ಜನರ ಮೇಜು ಹಿಡಿದೆ.

“ಎಲ್ಲಿಗೆ ಹೆಣೆ ಕರ್ಕಂಡ್ ಹೋಪ್ದ್?” ಎಂದು ಅಮ್ಮ ದಾರಿಯುದ್ದಕ್ಕೂ ಕೇಳಿದಳು. ಹೊಳೆಬದಿಗೆ ರಿಕ್ಷಾ ತಿರುಗಿದಾಗ ಅಪ್ಪಯ್ಯನಿಗೆ ಗೊತ್ತಾಯಿತು. ಇಳಿದವರೇ ಅಭ್ಯಾಸದಂತೆ ಹಿತ್ತಿಲ ಬಾಗಿಲ ಕಡೆ ನಡೆದರು. ನಾನು ಕೈ ಹಿಡಿದು ಎದುರು ಬಾಗಿಲಿಗೆ ಕರೆತಂದೆ. ನಮ್ಮ ಮೇಜಿದ್ದದ್ದು ಒಳಜಗಲಿಯಲ್ಲಿ, ತಗ್ಗಿದ ಮಾಡಿನ ತೊಲೆಗಳ ಕೆಳಗೆ.

ಮೊದಲು ಹೆಬ್ಬೆರಳಿನಷ್ಟು ಗ್ಲಾಸಿನಲ್ಲಿ ಪುನರ್ಪುಳಿ ಶರಬತ್ತು ಬಂತು. ಆಮೇಲೆ ಕರವಸ್ತ್ರದಂತೆ ಮಡಿಸಿದ ನೀರುದೋಸೆ, ಅದರ ಮೇಲೆ ಒಂದೇ ಒಂದು ಚಟ್ಲಿ. ಅಮ್ಮ ಅಷ್ಟಗಲದ ಬಿಳಿ ತಟ್ಟೆಯನ್ನೂ ಅದರ ನಡುವೆ ಸುರುಳಿಯಾಗಿ ಕೂತ ಸಿಗಡಿಯನ್ನೂ ನೋಡಿ, “ಇದ್ ಉಂಬುಕಾ, ರುಚಿ ಕಾಂಬುಕಾ?” ಎಂದು ಮೆಲ್ಲಗೆ ಕೇಳಿದಳು. ಅಪ್ಪಯ್ಯ ಮಾತ್ರ ತಟ್ಟೆ ನೋಡುತ್ತಲೇ ಇರಲಿಲ್ಲ. ಕತ್ತು ಮೇಲೆತ್ತಿಯೇ ತಿನ್ನುತ್ತಿದ್ದರು.

ಕೋಳಿ ಸುಕ್ಕ, ಕಡುಬು ಬರುವ ಹೊತ್ತಿಗೆ ಪಕ್ಕದ ಮೇಜಿನವರು ಮಾಡಿನ ಬಗ್ಗೆ ಏನೋ ಕೇಳಿದರು. ಬಡಿಸುವ ಹುಡುಗಿ ಬಾಯಿಪಾಠ ಒಪ್ಪಿಸುವಂತೆ, “ಕೇರಳದಿಂದ ಕೆಲಸದವರನ್ನು ಕರೆಸಿ ಮಾಡಿಸಿದ್ದು ಸರ್” ಎಂದಳು.

ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಅಪ್ಪಯ್ಯ ಕೇಳಿಸದವರ ಹಾಗೆ ಕಡುಬು ಮುರಿಯುತ್ತಿದ್ದರು. ನಾನು ಏಳುವ ಮೊದಲೇ, ಅಷ್ಟು ಹೊತ್ತು ಸೆರಗು ಬಿಗಿಹಿಡಿದು ಮುದ್ದೆಯಾಗಿ ಕೂತಿದ್ದ ಅಮ್ಮ ಮಾತಾಡಿದಳು.

“ಕೇರಳದವ್ರ್ ಅಲ್ಲ ಮಗಾ. ಇವ್ರ್ ಮಾಡ್ದದ್ದ್.”

ಹುಡುಗಿ ಗಲಿಬಿಲಿಯಾಗಿ ಮ್ಯಾನೇಜರನ್ನು ಕರೆತಂದಳು. ಅವರು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತಷ್ಟೆ. ತಮಗೆ ಹೇಳಿಕೊಟ್ಟದ್ದೇ ಹೀಗೆ ಎಂದು ಮರ್ಯಾದೆಯಿಂದಲೇ ಹೇಳಿದರು. ಅಪ್ಪಯ್ಯ ಕೈ ತೊಳೆದು ಬಂದು, ತೊಲೆಯ ಕೆಳಗೆ ನಿಂತು, “ಇದ್ರಗೆ ಹೊಸ ಮರ ಎಲ್ಲಿ ಶುರುವಾತ್ತ್, ಹೇಳಿ ಕಾಂಬ” ಎಂದರು.

ಮ್ಯಾನೇಜರು ನೋಡಿದರು. ಪಕ್ಕದ ಮೇಜಿನವರು ಎದ್ದು ಬಂದು ನೋಡಿದರು. ಯಾರಿಗೂ ಗುರುತು ಸಿಗಲಿಲ್ಲ. ಅಪ್ಪಯ್ಯ ಬೆರಳು ತೋರಿಸಿದಾಗ ಕೂದಲೆಳೆಯಷ್ಟು ಸಪೂರದ ಗೆರೆಯೊಂದು ಕಂಡಿತು. ಅಲ್ಲಿಂದ ಮುಂದಿನದು, ಅದರ ಮುಂದಿನದು. ಒಂದು ಕಡೆ ಮಾತ್ರ ನಿಂತು, “ಇದ್ ನಾನ್ ಸಮ ಮಾಡ್ಲಿಲ್ಲೆ. ಮಳೆ ಬಪ್ಪುಕಾಯ್ತ್ ಅಂದೇಳಿ ಗಡಿಬಿಡಿ ಮಾಡ್ದೆ” ಎಂದರು. ನನ್ನ ಕಣ್ಣಿಗೆ ಅದೂ ಉಳಿದವುಗಳಷ್ಟೇ ಚೆಂದವಾಗಿತ್ತು.

ಗದ್ದಲ ಕೇಳಿ ಅಡುಗೆಮನೆಯಿಂದ ಮುಖ್ಯ ಅಡುಗೆಯವರು ಬಂದರು. ಬೈಂದೂರು ಕಡೆಯವರು, ಮುಂಬಯಿಯ ದೊಡ್ಡ ಹೋಟೆಲುಗಳಲ್ಲಿ ದುಡಿದವರು. ಎಲ್ಲವನ್ನೂ ಕೇಳಿಸಿಕೊಂಡು, ಒಂದು ಕುರ್ಚಿ ಎಳೆದುಕೊಂಡು ನಮ್ಮ ಮೇಜಿಗೇ ಕೂತರು.

“ಊಟ ಹ್ಯಾಂಗಾಯ್ತ್?” ಎಂದು ಅಪ್ಪಯ್ಯನನ್ನು ಕೇಳಿದರು.

“ಕೋಳಿ ಲಾಯ್ಕಾಯ್ತ್. ಕೊತ್ತಂಬ್ರಿ ಮಾತ್ರ ಚೂರ್ ಹೆಚ್ಚ್ ಹುರ್ದಿರಿ.”

ನಾನು ಮೇಜಿನಡಿ ಅವರ ಕಾಲು ತುಳಿದೆ. ಅಡುಗೆಯವರು ಬೇಸರ ಮಾಡಿಕೊಳ್ಳಲಿಲ್ಲ. “ಹೌದ್, ಚೂರ್ ಕಪ್ಪಾಯ್ತ್. ನಾನೇ ಹುರ್ದದ್ದ್” ಎಂದರು. ಆಮೇಲೆ ಇಬ್ಬರೂ ಮಾತಿಗೆ ಕೂತರು. ಮರ ಒಣಗಿಸುವುದು, ಮೆಣಸು ಒಣಗಿಸುವುದು, ಅವಸರ ಮಾಡಿದರೆ ಯಾವುದು ಹೇಗೆ ಕೆಡುತ್ತದೆ ಎಂಬುದು. ನಾನು ಅಪ್ಪಯ್ಯ ಅಷ್ಟು ಮಾತಾಡಿದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ. ಕೊನೆಯ ತಟ್ಟೆಗೆ ಸಿಹಿಯೆಂದು ಉಗುರಿನಷ್ಟು ಹಾಲ್‌ಬಾಯಿ ಬರಬೇಕಿತ್ತು. ನಮ್ಮ ಮೇಜಿಗೆ ಬಾಳೆಎಲೆಯ ತುಂಬ ಬಂತು.

ಆ ಹುಡುಗಿ ಅಪ್ಪಯ್ಯನ ಹೆಸರು, ಊರು ಕೇಳಿ ಚೀಟಿಯಲ್ಲಿ ಬರೆದುಕೊಂಡಳು. ಕೆಲವು ತಿಂಗಳ ನಂತರ ನನ್ನ ಸಹೋದ್ಯೋಗಿಯೊಬ್ಬರು ಅಲ್ಲಿ ಉಂಡು ಬಂದು, “ಆ ಮಾಡಿನ ಕೆಲಸ ನಿಮ್ಮೂರಿನವರೇ ಮಾಡಿದ್ದಂತಲ್ಲ” ಎಂದರು. “ನಮ್ಮ ಅಪ್ಪಯ್ಯ” ಎಂದೆ. ಆ ಎರಡು ಪದ ಹೇಳುವಾಗ ನನ್ನ ದನಿ ಸ್ವಲ್ಪ ಏರಿದ್ದು ನನಗೇ ಗೊತ್ತಾಯಿತು.

ಆದರೆ ಆ ದಿನದಲ್ಲಿ ನನಗೆ ಹೆಚ್ಚು ನೆನಪಿರುವುದು ಊಟ ಮುಗಿದ ಮೇಲಿನದು. ಅಮ್ಮ ಉಪ್ಪರಿಗೆ ನೋಡಬೇಕೆಂದಳು. ಮೆಟ್ಟಿಲು ಹತ್ತುತ್ತ, ಕೈಗೆ ಸಿಕ್ಕಿದ್ದನ್ನೆಲ್ಲ ಸವರಿ, “ಇದ್ ನೀವ್ ಮಾಡ್ದದ್ದಾ?” ಎಂದು ಕೇಳುತ್ತಿದ್ದಳು. ಮೆಟ್ಟಿಲಿನ ಕೈಹಿಡಿಗೆ, “ಅಲ್ಲ, ಅದ್ ಹಳೇದ್” ಎಂದರು ಅಪ್ಪಯ್ಯ. ಕಿಟಕಿಯ ಸರಳಿಗೆ, “ಅಲ್ಲ.” ಬಾಗಿಲ ದಾರಂದಕ್ಕೆ, “ಅರ್ಧ ನಂದ್.” ಅಮ್ಮ ಆ ಅರ್ಧ ಯಾವುದೆಂದು ಕೇಳಿ, ಅಲ್ಲಿ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತಳು.