ಮೂವರಲ್ಲಿ ಯಾರ ಪ್ರಶ್ನೆ

ತೊಂಬತ್ತರ ದಶಕದ ಮೊದಲಲ್ಲಿ ಮೈಸೂರಿನಲ್ಲಿ ಎಂ.ಎ. ಇತಿಹಾಸ ಓದುವಾಗ ನಮ್ಮ ತರಗತಿಯಲ್ಲಿ ಒಂದೇ ಹೆಸರಿನವರು ಮೂವರಿದ್ದೆವು. ಇನಿಶಿಯಲ್ ಹಿಡಿದು ಕರೆಯುವ ತಾಳ್ಮೆ ನಮ್ಮ ಮೇಷ್ಟರಿಗಿರಲಿಲ್ಲ. ಹಾಜರಿ ಪುಸ್ತಕದ ಸಾಲಿನಂತೆ ಒಂದನೆಯವನು, ಎರಡನೆಯವನು, ಮೂರನೆಯವನು ಎಂದುಬಿಟ್ಟರು. ನಾನು ಮೂರನೆಯವನು.

ಒಂದನೆಯವನು ಪರೀಕ್ಷೆ ಬರೆದು ಸರ್ಕಾರದಲ್ಲಿ ಅಧಿಕಾರಿಯಾದ. ಆಯ್ಕೆಪಟ್ಟಿ ಪೇಪರಿನಲ್ಲಿ ಬಂದ ದಿನ ವಿದ್ಯಾರಣ್ಯಪುರಂನ ನಮ್ಮ ಮನೆಗೆ ಪಕ್ಕದ ಮನೆಯವರು ಸಕ್ಕರೆ ಹಿಡಿದುಕೊಂಡೇ ಬಂದರು. "ಅದು ನಮ್ಮೋನಲ್ಲ ಕಣ್ರೀ," ಎಂದು ಅಮ್ಮ ಬಾಗಿಲಲ್ಲೇ ಹೇಳಿದ್ದು ಕೇಳಿಸಿತು. ನಾನು ಒಳಗೆ ಅದೇ ಪಟ್ಟಿ ಹಿಡಿದು ಕೂತಿದ್ದೆ. ಎರಡನೆಯವನು ನಮ್ಮ ಬಡಾವಣೆಯಲ್ಲೇ ಜೆರಾಕ್ಸ್ ಅಂಗಡಿ ಇಟ್ಟ. ನಾನು ಎರಡು ಮೂರು ಕಾಲೇಜುಗಳ ನಡುವೆ ಅರೆಕಾಲಿಕ ಉಪನ್ಯಾಸಕನಾಗಿ ಸ್ಕೂಟರ್ ಸವೆಸಿದೆ.

ಒಂದನೆಯವನು ದಟ್ಟಗಳ್ಳಿಯಲ್ಲಿ ಮನೆ ಕಟ್ಟಿಸಿ, ಗೇಟಿನ ಪಕ್ಕ ಕಪ್ಪು ಗ್ರಾನೈಟಿನಲ್ಲಿ ಬಂಗಾರದ ಬಣ್ಣದ ಅಕ್ಷರ ಕೊರೆಸಿದ. ಕೆಲಸವಿಲ್ಲದೆಯೂ ಆ ರಸ್ತೆಗೆ ಹೋಗಿ ಓದಿಕೊಂಡು ಬರುತ್ತಿದ್ದೆ. ನನ್ನ ಹೆಸರು ಅಷ್ಟು ಚೆನ್ನಾಗಿ ಕಂಡದ್ದು ಅಲ್ಲೊಂದೇ ಕಡೆ.

ನನಗಿದ್ದ ಸಮಾಧಾನ ತರಗತಿಯಲ್ಲಿ ನಾನು ಕೇಳಿದ್ದ ಒಂದು ಪ್ರಶ್ನೆ. ಮೇಷ್ಟರು ಒಮ್ಮೆ ಕೆರೆಯ ಶಾಸನವೊಂದನ್ನು ಓದಿಸುತ್ತಿದ್ದರು. ಕೆರೆ ಸಮುದ್ರದಂತೆ ತುಂಬಿ ತುಳುಕುತ್ತಿದೆ ಎಂದು ಕಲ್ಲು ಹೊಗಳಿತ್ತು. "ಸರ್, ಏರಿ ಮುಗಿದ ದಿನಾನೇ ಕಲ್ಲು ನಿಲ್ಲಿಸಿದ್ದಾರೆ. ಅಷ್ಟರಲ್ಲಿ ಕೆರೆಗೆ ನೀರು ಬಂದಿತ್ತಾ?" ಮೇಷ್ಟರು ಸೀಮೆಸುಣ್ಣ ಕೆಳಗಿಟ್ಟು, ನಾಳೆ ಹೇಳುತ್ತೇನೆ ಎಂದು ಹೊರಟುಹೋದರು.

ವರ್ಷಗಳ ನಂತರ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆ ಖಾಲಿಯಾಯಿತು. ಶಿಫಾರಸು ಪತ್ರ ಕೇಳಲು ಯಾದವಗಿರಿಗೆ, ನಿವೃತ್ತರಾಗಿದ್ದ ಮೇಷ್ಟರ ಮನೆಗೆ ಹೋದೆ.

"ನೀರು ಬಂದಿತ್ತಾ ಅಂದೋನು ನೀನೇ ಅಲ್ವೇನೋ?"

"ಹೌದು ಸರ್," ಎಂದೆ. ಅಂದು ಎದ್ದು ನಿಂತಾಗ ಗಂಟಲು ಒಣಗಿದ್ದು ಕೂಡ ನನಗೆ ನೆನಪಿತ್ತು. ಪತ್ರದ ತುಂಬ ಅವರು ಆ ಪ್ರಶ್ನೆಯನ್ನೇ ಹೊಗಳಿದರು. ಕೆಲಸ ಸಿಕ್ಕಿತು.

ಮನೆಗೆ ಸುಣ್ಣ ಹೊಡೆಸುವಾಗ ಸಜ್ಜದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ನೋಟ್‌ಬುಕ್ ಸಿಕ್ಕಿತು. ಆ ದಿನದ ಪುಟದಲ್ಲಿ ನನ್ನದೇ ಕೈಬರಹದಲ್ಲಿ ಆ ಪ್ರಶ್ನೆಯಿತ್ತು. ಕೆಳಗೆ ಕೇಳಿದವನ ಹೆಸರು, ನಮ್ಮ ಮೂವರಿಗೂ ಇದ್ದ ಅದೇ ಹೆಸರು; ಎಷ್ಟನೆಯವನು ಎಂದು ಬರೆದಿರಲಿಲ್ಲ. ತಾನೇ ಕೇಳಿದ ಪ್ರಶ್ನೆಯ ಕೆಳಗೆ ಯಾರಾದರೂ ತನ್ನ ಹೆಸರು ಬರೆದುಕೊಳ್ಳುತ್ತಾರೆಯೇ? ಹಾಗಾದರೆ ಒಣಗಿದ ಗಂಟಲು ಯಾರದು? ಕಲ್ಲು ಹೇಳಿದ್ದನ್ನೆಲ್ಲ ನಂಬಬೇಡಿ ಎಂದು ಹುಡುಗರಿಗೆ ಪಾಠ ಮಾಡುವವನು ನಾನು. ಪ್ರಶ್ನೆ ನನ್ನದಲ್ಲದಿದ್ದರೆ ನನ್ನ ಕೆಲಸವೂ ಬೇರೆಯವನ ಹೆಸರಿಗೆ ಬಂದದ್ದು.

ಜೆರಾಕ್ಸ್ ಅಂಗಡಿಗೆ ಹೋದೆ. "ಏನ್ ಮೂರು, ಕೆಲ್ಸ ಕಾಯಂ ಆಗಿದ್ದೇ ಆಗಿದ್ದು, ಪತ್ತೇನೇ ಇಲ್ವಲ್ಲೋ!" ಎಂದ ಎರಡನೆಯವನು. ವಿಷಯ ಹೇಳಿದಾಗ ನಕ್ಕ. "ನಾನಂತೂ ಅಲ್ಲ ಬುಡು. ಕೊನೇ ಬೆಂಚಲ್ಲಿ ನಿದ್ದೆ ಹೊಡೀತಿದ್ದೆ. ಒಂದನೇವ್ನೇ ಇರ್ಬೇಕು. ದಿನಾ ಮೇಷ್ಟ್ರು ತಲೆ ತಿಂತಿದ್ದೋನು ಅವನೇ ತಾನೇ?"

ಅವನೇ. ಪಟ್ಟಿ ಅವನದು, ಗ್ರಾನೈಟ್ ಅವನದು, ಈಗ ಇದೂ.

ಭಾನುವಾರ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ದಟ್ಟಗಳ್ಳಿಗೆ ಹೋದೆ. ಅವನ ಪ್ರಶ್ನೆಯನ್ನು ಅವನಿಗೇ ಒಪ್ಪಿಸಿಬಿಡಬೇಕು, ಮೇಷ್ಟರಿಗೂ ಹೇಳಬೇಕು ಎಂದುಕೊಂಡಿದ್ದೆ. ಒಂದನೆಯವನು ಕಾಫಿ ತರಿಸಿದ. ಆ ಪ್ರಶ್ನೆ ನೆನಪಿದೆಯಾ ಎಂದು ಕೇಳಿದೆ.

"ಯಾವ್ದೋ ಅದು? ನೀನೇ ಕೇಳಿರ್ತೀಯ ಬುಡೋ. ನನಗೀಗ ನಿಜವಾದ ಕೆರೆಗಳೇ ತಲೆ ಮೇಲೆ ಕೂತಿವೆ, ಹೂಳು ತೆಗೆಸೋದ್ರಲ್ಲೇ ಸಾಕಾಗೋಗಿದೆ."

ನಾನು ಹತ್ತು ವರ್ಷ ಎದೆಗೆ ಅವುಚಿಕೊಂಡಿದ್ದನ್ನು ಅವನು ನೋಡದೆಯೇ ಬಿಟ್ಟುಕೊಟ್ಟ. ಅದು ಮರೆವೋ ದೊಡ್ಡತನವೋ ತಿಳಿಯಲಿಲ್ಲ. ಎರಡರಲ್ಲಿ ಯಾವುದಾದರೂ ನನಗೆ ಹೊಟ್ಟೆಕಿಚ್ಚೇ.

"ಹೌದು, ನಾನೇ ಇರಬೇಕು," ಎಂದೆ.

ನೋಟ್‌ಬುಕ್ ಚೀಲದಲ್ಲೇ ಉಳಿಯಿತು. ಹೊರಗೆ ಬಂದು, ಮೊದಲ ಸಲ ಆ ಗ್ರಾನೈಟನ್ನು ಓದದೆ ಸ್ಕೂಟರ್ ಹತ್ತಿದೆ.